ಆಗಸ್ಟ್ 15ಕ್ಕೆ ಹಂಚಲು ಕ್ಯಾರಮೆಲ್ ಗೋಡಂಬಿ ಶಾರ್ಟ್‌ಬ್ರೆಡ್: ಈ ಮಳೆಯಲ್ಲಿ ಗರಿಗರಿ ಉಳಿಸುವುದು ಹೇಗೆ?

ಗಿರಿಮಳೆ, ಚಿಕ್ಕಮಗಳೂರು:

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯಲ್ಲಿ ಪ್ರತಿ ವರ್ಷ ಆಗಸ್ಟ್ 15ಕ್ಕೆ ಧ್ವಜ ಹಾರಿಸಿದ ಮೇಲೆ ಬೂಂದಿ ಲಾಡು ಹಂಚುತ್ತಾರೆ. ಈ ಸಲ ಸಿಹಿಯ ಜವಾಬ್ದಾರಿಯನ್ನು ನಾನೇ ಕೇಳಿ ತೆಗೆದುಕೊಂಡಿದ್ದೇನೆ. ಮನೆಯಲ್ಲೇ ಶಾರ್ಟ್‌ಬ್ರೆಡ್ ಬಿಸ್ಕತ್ತು ಮಾಡಿ, ಸುತ್ತ ಗೋಡಂಬಿ ಚೂರು ಅಂಟಿಸಿ, ನಡುವೆ ಬೆರಳಿನಿಂದ ಗುಳಿ ಮಾಡಿ ಕ್ಯಾರಮೆಲ್ ತುಂಬಿ, ಮೇಲೆ ಚಾಕೊಲೇಟ್ ಗೆರೆ ಎಳೆದು ಕೊಡಬೇಕು ಅಂತ ತುಂಬಾ ಆಸೆ. ಶ್ರಾವಣ ಬೇರೆ, ಬಡಾವಣೆಯಲ್ಲಿ ಮೊಟ್ಟೆ ತಿನ್ನದವರೇ ಜಾಸ್ತಿ. ಶಾರ್ಟ್‌ಬ್ರೆಡ್ಡಿಗೆ ಮೊಟ್ಟೆಯೇ ಬೇಡವಲ್ಲ, ಹಾಗಾಗಿ ಇದನ್ನೇ ಆರಿಸಿದೆ. ಎಲ್ಲ ಸೇರಿ 60 ಬಿಸ್ಕತ್ತು ಬೇಕು.

ನನ್ನ ಹತ್ತಿರ ಸಾಧಾರಣ ಓಟಿಜಿ (ಕರೆಂಟಿನ ಸಣ್ಣ ಒವನ್) ಇದೆ. ಊರಿಂದ ಅಮ್ಮ ಕಳಿಸುವ ಮನೆ ಬೆಣ್ಣೆ ಬೇಕಾದಷ್ಟು ಇದೆ, ಅದನ್ನೇ ಬಳಸಬಹುದಾ? ಇನ್ನು ಕ್ಯಾರಮೆಲ್. ಅದು ಹರಿದು ಕೈಗೆಲ್ಲ ಅಂಟಬಾರದು, ವಯಸ್ಸಾದವರ ಹಲ್ಲಿಗೆ ಗಟ್ಟಿಯೂ ಆಗಬಾರದು. ಆ ಹದ ಹೇಗೆ ಹಿಡಿಯುವುದು? ಚಾಕೊಲೇಟ್ ಯಾವುದು ತರಲಿ? ಎಲ್ಲಕ್ಕಿಂತ ದೊಡ್ಡ ಚಿಂತೆ ಮಳೆ. ಇಲ್ಲಿ ಆಗಸ್ಟ್ ಅಂದರೆ ಗೊತ್ತಲ್ಲ, ಹಪ್ಪಳದ ಡಬ್ಬಿ ತೆರೆದು ಮುಚ್ಚುವಷ್ಟರಲ್ಲಿ ಹಪ್ಪಳ ಮೆತ್ತಗಾಗುತ್ತದೆ. ಎಷ್ಟು ದಿನ ಮೊದಲು ಶುರು ಮಾಡಬಹುದು, ಯಾವುದನ್ನು ಕೊನೆಗೆ ಇಟ್ಟುಕೊಳ್ಳಬೇಕು, ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಹಾಸನ_ಬೇಕಿಂಗ್:

ಒಳ್ಳೆ ಯೋಚನೆ. ಬಿಸ್ಕತ್ತಿನ ಭಾಗ ನಾನು ಹೇಳುತ್ತೇನೆ, ಕ್ಯಾರಮೆಲ್ ಬಗ್ಗೆ ಇಲ್ಲಿ ನನಗಿಂತ ಗಟ್ಟಿಗರು ಇದ್ದಾರೆ.

ಶಾರ್ಟ್‌ಬ್ರೆಡ್ ಸ್ಕಾಟ್ಲೆಂಡಿನದು. ಅಲ್ಲಿನ ಹಳೆಯ ಲೆಕ್ಕ ಬಹಳ ಸುಲಭ: ತೂಕದಲ್ಲಿ ಸಕ್ಕರೆ ಒಂದು ಪಾಲು, ಬೆಣ್ಣೆ ಎರಡು, ಹಿಟ್ಟು ಮೂರು. ನಿಮ್ಮ 60 ಬಿಸ್ಕತ್ತಿಗೆ ಸಕ್ಕರೆ 150 ಗ್ರಾಂ, ಬೆಣ್ಣೆ 300 ಗ್ರಾಂ, ಮೈದಾ 450 ಗ್ರಾಂ. ಒಟ್ಟು 900 ಗ್ರಾಂ ಆಯಿತು, 15 ಗ್ರಾಮಿನ ಉಂಡೆ ಮಾಡಿದರೆ ಸರಿಯಾಗಿ 60 ಬರುತ್ತದೆ. ಆ 450ರಲ್ಲಿ 50 ಗ್ರಾಂ ಮೈದಾ ತೆಗೆದು ಅಷ್ಟೇ ಅಕ್ಕಿ ಹಿಟ್ಟು ಹಾಕಿ. ಇದು ನಮ್ಮ ಕಡೆಯ ಹೊಸ ಪ್ರಯೋಗ ಅಲ್ಲ, ಸ್ಕಾಟ್ಲೆಂಡಿನವರೂ ಹಿಂದಿನಿಂದ ಅಕ್ಕಿ ಹಿಟ್ಟೋ ರವೆಯೋ ಸೇರಿಸುತ್ತಾ ಬಂದಿದ್ದಾರೆ. ಅಕ್ಕಿ ಹಿಟ್ಟಿನಲ್ಲಿ ಗ್ಲುಟೆನ್ (ಮೈದಾ ಹಿಟ್ಟನ್ನು ಜಿಗುಟಾಗಿಸುವ ಅಂಶ) ಇಲ್ಲ, ಅದರಿಂದ ಬಿಸ್ಕತ್ತು ಇನ್ನೂ ಪುಡಿಪುಡಿಯಾಗಿ, ಗರಿಯಾಗಿ ಬರುತ್ತದೆ. ಸಕ್ಕರೆಯನ್ನು ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿಕೊಳ್ಳಿ.

ಈಗ ಮನೆ ಬೆಣ್ಣೆ ವಿಷಯ. ರುಚಿಗೆ ಅದನ್ನು ಮೀರಿಸಿದ್ದು ಇಲ್ಲ, ಆದರೆ ಅದರಲ್ಲಿ ನೀರು ಎಷ್ಟಿದೆ ಅಂತ ಹೇಳಲಾಗದು. ಅಂಗಡಿ ಬೆಣ್ಣೆಯಲ್ಲಿ ಕೊಬ್ಬು 80 ಪರ್ಸೆಂಟ್ ಇರುತ್ತದೆ, ನೀರಿನ ಲೆಕ್ಕ ಗೊತ್ತಿರುತ್ತದೆ. ಮನೆ ಬೆಣ್ಣೆಯನ್ನು ನೀರಿನಲ್ಲಿ ತೇಲಿಸಿ ಇಡುತ್ತೇವಲ್ಲ, ಅದನ್ನು ತಟ್ಟೆಗೆ ಹಾಕಿ ಚಮಚದ ಬೆನ್ನಿನಿಂದ ಒತ್ತಿ ನೋಡಿ, ಒಳಗಿಂದ ಸಣ್ಣ ಸಣ್ಣ ಹನಿ ಹೊರಗೆ ಬಂದು ತಟ್ಟೆಯ ಅಂಚಿಗೆ ಜಾರುತ್ತವೆ. ಆ ನೀರು ಮೈದಾಗೆ ಸೇರಿದರೆ ಗ್ಲುಟೆನ್ ಎಳೆ ಕಟ್ಟಿಕೊಂಡು ಬಿಸ್ಕತ್ತು ಗಟ್ಟಿಯಾಗುತ್ತದೆ. ಶಾರ್ಟ್‌ಬ್ರೆಡ್ಡಿನ ಗುಟ್ಟೇ ಇದು: ಕೊಬ್ಬು ಹಿಟ್ಟಿನ ಕಣಕಣಕ್ಕೂ ಮೆತ್ತಿಕೊಂಡು ನೀರನ್ನು ಹತ್ತಿರ ಬಿಡಬಾರದು. ಹಾಗಾಗಿ ಮನೆ ಬೆಣ್ಣೆಯೇ ಬೇಕು ಅಂದರೆ ನೀರು ಬರುವುದು ನಿಲ್ಲುವವರೆಗೆ ಒತ್ತಿ, ಒಣ ಬಿಳಿ ಬಟ್ಟೆಯಲ್ಲಿ ಸುತ್ತಿ ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಡಿ, ಆಮೇಲೆ ತೂಕ ಮಾಡಿ. ಹುಳಿ ವಾಸನೆ ಬಂದ ಬೆಣ್ಣೆ ಬೇಡ. ತುಪ್ಪ ಹಾಕುವುದಾದರೆ 300ರ ಬದಲು 240 ಗ್ರಾಂ ಸಾಕು, ಆದರೆ ಅದು ನಾನ್‌ಖಟಾಯಿ ಕಡೆಗೆ ವಾಲುತ್ತದೆ, ಗುಳಿಯೂ ಅಗಲಕ್ಕೆ ಹರಡಿಕೊಳ್ಳುತ್ತದೆ. ನನ್ನನ್ನು ಕೇಳಿದರೆ ಅರ್ಧ ಮನೆ ಬೆಣ್ಣೆ, ಅರ್ಧ ಉಪ್ಪಿಲ್ಲದ ಅಂಗಡಿ ಬೆಣ್ಣೆ. ಉಪ್ಪು ಹಾಕಿದ ಟೇಬಲ್ ಬೆಣ್ಣೆ ತಂದರೆ ಬೇರೆ ಉಪ್ಪು ಹಾಕಬೇಡಿ, ಇಲ್ಲದಿದ್ದರೆ ಅರ್ಧ ಟೀ ಚಮಚ ಹಾಕಿ.

ಬೆಣ್ಣೆ ಮೆತ್ತಗಿರಬೇಕು, ಕರಗಿರಬಾರದು. ಬೆಣ್ಣೆ ಸಕ್ಕರೆ ಸೇರಿಸಿ ನಯವಾಗುವಷ್ಟು ಮಾತ್ರ ತಿಕ್ಕಿ, ಹಿಟ್ಟು ಹಾಕಿ ಬೆರಳ ತುದಿಯಲ್ಲಿ ಕಲೆಸಿ, ಒಟ್ಟಿಗೆ ಬಂದ ತಕ್ಷಣ ನಿಲ್ಲಿಸಿ. ಚಪಾತಿ ಹಿಟ್ಟಿನ ಹಾಗೆ ನಾದಲೇಬೇಡಿ. ಉಂಡೆ ಕಟ್ಟಿ, ಹಾಲಿನಲ್ಲಿ ಒಮ್ಮೆ ಹೊರಳಿಸಿ, ಸಣ್ಣಗೆ ಹೆಚ್ಚಿದ ಗೋಡಂಬಿಯಲ್ಲಿ ಉರುಳಿಸಿ. ಮೊಟ್ಟೆಯ ಬಿಳಿ ಮಾಡುವ ಕೆಲಸವನ್ನು ಇಲ್ಲಿ ಹಾಲೇ ಮಾಡುತ್ತದೆ. ಈ ಗೋಡಂಬಿಯನ್ನು ಮೊದಲೇ ಹುರಿಯಬೇಡಿ, ಒವನ್ನಿನಲ್ಲಿ ಬಿಸ್ಕತ್ತಿನ ಜೊತೆಗೆ ತಾನೇ ಹುರಿದುಕೊಳ್ಳುತ್ತದೆ, ಮೊದಲೇ ಹುರಿದರೆ ಕಪ್ಪಾಗುತ್ತದೆ. ಇಡೀ ಗೋಡಂಬಿ ತರಬೇಕಿಲ್ಲ, ಚೂರು ಗೋಡಂಬಿ ಕಡಿಮೆ ಬೆಲೆಗೆ ಸಿಗುತ್ತದೆ, ರುಚಿ ಅದೇ.

ಗುಳಿ ಒತ್ತಿದ ಮೇಲೆ ತಟ್ಟೆ ಸಮೇತ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. 160 ಡಿಗ್ರಿ, ಎರಡೂ ರಾಡ್ ಆನ್, ನಡುವಿನ ಅಂತಸ್ತು, 18ರಿಂದ 22 ನಿಮಿಷ. ಹತ್ತು ಹನ್ನೆರಡು ನಿಮಿಷಕ್ಕೆ ಗುಳಿ ಸ್ವಲ್ಪ ಉಬ್ಬಿರುತ್ತದೆ, ಆಗ ಚಮಚದ ಬೆನ್ನಿನಿಂದ ಮತ್ತೆ ಒತ್ತಿ, ತಟ್ಟೆಯ ದಿಕ್ಕನ್ನೂ ತಿರುಗಿಸಿ. ಮೇಲೆ ಬೆಳ್ಳಗೇ ಇರಲಿ, ತಳದ ಅಂಚು ಮಾತ್ರ ಹೊಂಬಣ್ಣಕ್ಕೆ ಬಂದರೆ ಆಯಿತು. ಬಿಸಿ ಇದ್ದಾಗ ಮುಟ್ಟಿದರೆ ಮುರಿಯುತ್ತವೆ, ತಟ್ಟೆಯಲ್ಲೇ ಆರಲು ಬಿಡಿ. ಓಟಿಜಿಯ ಗುಂಡಿಯಲ್ಲಿ ಬರೆದ ಡಿಗ್ರಿಯನ್ನು ಪೂರ್ತಿ ನಂಬಬೇಡಿ, ಒಳಗೆ ಇಡುವ ಥರ್ಮಾಮೀಟರ್ ಒಂದು ಕೊಂಡುಕೊಳ್ಳಿ, ಎಷ್ಟೋ ವರ್ಷ ಬರುತ್ತದೆ.

ತೋಟದಮನೆ_ಅಕ್ಕ, ಮೂಡಿಗೆರೆ:

ಗಿರಿಮಳೆ, ಕ್ಯಾರಮೆಲ್ ಬಗ್ಗೆ ನಾನು ಹೇಳುತ್ತೇನೆ ಕಣಮ್ಮ. ಹಬ್ಬಕ್ಕೆ ಪಾಕ ಹಿಡಿದ ಕೈಗೆ ಇದು ಕಷ್ಟವೇ ಅಲ್ಲ. ಒಂದೆಳೆ ಪಾಕ, ಎರಡೆಳೆ ಪಾಕ, ಉಂಡೆ ಪಾಕ ಅಂತ ನಿನ್ನ ಅಮ್ಮ ಹೇಳಿಕೊಟ್ಟಿರುತ್ತಾರೆ ಅಲ್ವಾ? ಈ ಬಿಸ್ಕತ್ತಿಗೆ ಬೇಕಾಗಿರುವುದು ಉಂಡೆ ಪಾಕ. ಅದು ಹಿಡಿದರೆ ಮಿಕ್ಕಿದ್ದೆಲ್ಲ ಸಲೀಸು.

60ಕ್ಕೆ ಸಕ್ಕರೆ 200 ಗ್ರಾಂ, ಬೆಣ್ಣೆ 80 ಗ್ರಾಂ, ಕ್ರೀಮ್ 150 ಮಿಲಿ, ಉಪ್ಪು ಅರ್ಧ ಟೀ ಚಮಚ. ಒಂದು ಬಿಸ್ಕತ್ತಿಗೆ ಸುಮಾರು ಒಂದು ಟೀ ಚಮಚದಷ್ಟು ಬರುತ್ತದೆ. ದಪ್ಪ ತಳದ, ಆಳವಾದ ಪಾತ್ರೆ ತಗೋ. ಕ್ರೀಮ್ ಹಾಕಿದಾಗ ಅದು ನೊರೆ ಬಂದು ಮೂರು ಪಟ್ಟು ಮೇಲೇಳುತ್ತದೆ, ಸಣ್ಣ ಪಾತ್ರೆಯಾದರೆ ಒಲೆ ಮೇಲೆಲ್ಲ ಉಕ್ಕುತ್ತದೆ. ಸಕ್ಕರೆಗೆ ಕಾಲು ಲೋಟ ನೀರು, ನಾಲ್ಕೈದು ಹನಿ ನಿಂಬೆರಸ ಹಾಕಿ ಕರಗಿಸು. ನಿಂಬೆರಸ ಸುಮ್ನೆ ಅಲ್ಲ, ಪಾಕ ಮತ್ತೆ ಸಕ್ಕರೆಗಟ್ಟಿ ಮರಳು ಮರಳಾಗದಂತೆ ಅದು ತಡೆಯುತ್ತದೆ. ಕುದಿ ಬಂದ ಮೇಲೆ ಚಮಚ ಹಾಕಿ ತಿರುಗಿಸಬಾರದು. ಪಾತ್ರೆಯನ್ನೇ ಹಿಡಿದು ಮೆಲ್ಲಗೆ ಆಡಿಸು. ಅಂಚಿಗೆ ಸಕ್ಕರೆ ಹರಳು ಕೂತಿದ್ದರೆ ಒದ್ದೆ ಬ್ರಷ್ಷಿನಿಂದ ಕೆಳಗೆ ಇಳಿಸು. ಆ ಒಂದು ಹರಳು ಸಾಕು, ಇಡೀ ಪಾಕವನ್ನು ಗಟ್ಟಿ ಸಕ್ಕರೆ ಮಾಡಿಬಿಡುತ್ತದೆ.

ಮೊದಲು ದೊಡ್ಡ ದೊಡ್ಡ ಗುಳ್ಳೆ ಬೇಗ ಬೇಗ ಒಡೆಯುತ್ತವೆ. ನೀರು ಹೋಗುತ್ತಾ ಬಂದ ಹಾಗೆ ಗುಳ್ಳೆ ಸಣ್ಣದಾಗಿ, ನಿಧಾನವಾಗಿ, ಅಂಟಂಟಾಗಿ ಏಳುತ್ತವೆ. ಆಗ ಒಂದು ಮೂಲೆಯಲ್ಲಿ ಹಳದಿ ಕಾಣಿಸುತ್ತದೆ. ಅಲ್ಲಿಂದ ಕಣ್ಣು ತೆಗೆಯಬೇಡ. ಹಳದಿ ಹೋಗಿ ಕೆಂಪು ಮಿಶ್ರಿತ ಕಂದು ಬಂದು, ಮೇಲೆ ಒಂದು ಎಳೆ ಹೊಗೆ ಏಳುವ ಮೊದಲೇ ಉರಿ ಆರಿಸಿ ಬೆಚ್ಚಗಿನ ಕ್ರೀಮ್ ಸ್ವಲ್ಪ ಸ್ವಲ್ಪವೇ ಸುರಿ. ತಣ್ಣನೆಯ ಕ್ರೀಮ್ ಹಾಕಿದರೆ ಸಿಡಿಯುತ್ತದೆ, ಪಾಕವೂ ಗಡ್ಡೆ ಕಟ್ಟುತ್ತದೆ. ಬಣ್ಣಕ್ಕೆ ಹೆದರಿ ಹಳದಿಯಲ್ಲೇ ನಿಲ್ಲಿಸುವವರು ಬಹಳ ಜನ. ಹಾಗೆ ಮಾಡಿದರೆ ಬರೀ ಸಿಹಿ ಬರುತ್ತದೆ, ಕ್ಯಾರಮೆಲ್ಲಿನ ಆ ಸಣ್ಣ ಕಹಿ ಬರುವುದಿಲ್ಲ. ಚಾಕೊಲೇಟ್ ಬೇರೆ ಮೇಲೆ ಬರುವುದರಿಂದ ಆ ಕಹಿ ಬೇಕೇ ಬೇಕು.

ಕ್ರೀಮ್ ಸೇರಿದ ಮೇಲೆ ಬೆಣ್ಣೆ, ಉಪ್ಪು ಹಾಕಿ ಮತ್ತೆ ಸಣ್ಣ ಉರಿಯಲ್ಲಿ ಕುದಿಸು. ಈಗ ತಿರುಗಿಸುತ್ತಲೇ ಇರಬೇಕು, ಇಲ್ಲವಾದರೆ ತಳ ಹಿಡಿಯುತ್ತದೆ. ಪಕ್ಕದಲ್ಲಿ ಒಂದು ಬಟ್ಟಲು ತಣ್ಣೀರು ಇಟ್ಟುಕೋ. ಚಮಚದ ತುದಿಯಿಂದ ಒಂದು ಹನಿ ಅದಕ್ಕೆ ಬಿಡು. ನೀರಿನಲ್ಲಿ ದಾರದ ಹಾಗೆ ಚದುರಿ ಹೋದರೆ ಇನ್ನೂ ಎಳೆ ಪಾಕ. ತಳಕ್ಕೆ ಹೋಗಿ ಕೂತು, ಬೆರಳಿನಲ್ಲಿ ಎತ್ತಿ ಉರುಳಿಸಿದರೆ ಉಂಡೆ ಕಟ್ಟಬೇಕು, ಬಟ್ಟಲಿನಿಂದ ಹೊರಗೆ ತೆಗೆದಾಗ ಬೆರಳ ಮೇಲೆ ನಿಧಾನಕ್ಕೆ ಚಪ್ಪಟೆಯಾಗಬೇಕು. ಅದೇ ಹದ. ಹೊರಗೆ ತೆಗೆದರೂ ದುಂಡಗೆ ನಿಂತೇ ಇದ್ದರೆ ಒಂದು ಹೆಜ್ಜೆ ಮುಂದೆ ಹೋಗಿದೆ ಅಂತ, ಒಂದೆರಡು ಚಮಚ ಬಿಸಿ ಕ್ರೀಮ್ ಸೇರಿಸಿ ತಿರುಗಿಸಿದರೆ ಹಿಂದಕ್ಕೆ ಬರುತ್ತದೆ. ನೀನು ಕೇಳಿದ ಅಜ್ಜ ಅಜ್ಜಿಯರ ಹಲ್ಲಿಗೂ ಈ ಹದ ಒಗ್ಗುತ್ತದೆ, ಬಿಸ್ಕತ್ತು ಓರೆ ಮಾಡಿದರೂ ಹರಿಯುವುದಿಲ್ಲ.

ಕ್ಯಾರಮೆಲ್ ಮಾಡುವಾಗ ಮಕ್ಕಳು ಅಡುಗೆಮನೆಯಲ್ಲಿ ಬೇಡ. ಅದು ಕುದಿಯುವ ನೀರಿಗಿಂತ ಎಷ್ಟೋ ಬಿಸಿ, ಮೇಲಿಂದ ಚರ್ಮಕ್ಕೆ ಅಂಟಿಕೊಳ್ಳುತ್ತದೆ.

ಇನ್ನೊಂದು ಮಾತು, ನಮ್ಮ ಕಡೆಯವರು ಅಂತ ಹೇಳುತ್ತೇನೆ. ಕ್ರೀಮಿಗೆ ಎರಡು ದೊಡ್ಡ ಚಮಚ ಗಟ್ಟಿ ಡಿಕಾಕ್ಷನ್ ಸೇರಿಸಿ ನೋಡು. ಚಿಕೋರಿ ಇಲ್ಲದ ಕಾಫಿ ಪುಡಿಯದ್ದು. ಅದರ ನೀರು ಕುದಿಯುವಾಗ ಹೋಗುತ್ತದೆ, ಘಮ ಉಳಿಯುತ್ತದೆ. ಚಿಕ್ಕಮಗಳೂರಿನಲ್ಲಿ ಹಂಚುವ ಸಿಹಿಯಲ್ಲಿ ಕಾಫಿ ಇರದಿದ್ದರೆ ಹೇಗೆ!

ಹಾಸನ_ಬೇಕಿಂಗ್:

ಅಕ್ಕ ಹೇಳಿದ್ದು ಎಲ್ಲ ಸರಿ, ರುಚಿಯಲ್ಲಿ ಸಕ್ಕರೆ ಕ್ಯಾರಮೆಲ್ಲೇ ಮೇಲು. ಆದರೆ 60 ಜನಕ್ಕೆ ಮೊದಲ ಸಲ ಮಾಡುವವರಿಗೆ ನಾನು ಕಂಡೆನ್ಸ್ಡ್ ಮಿಲ್ಕ್ ದಾರಿಯನ್ನೇ ಹೇಳುತ್ತೇನೆ. ಒಂದು ಡಬ್ಬಿ ಕಂಡೆನ್ಸ್ಡ್ ಮಿಲ್ಕ್, 60 ಗ್ರಾಂ ಬೆಣ್ಣೆ, 50 ಗ್ರಾಂ ಕಂದು ಸಕ್ಕರೆ, ಒಂದು ಚಿಟಿಕೆ ಉಪ್ಪು. ದಪ್ಪ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುಗಿಸುತ್ತಾ ತಳ ಬಿಡುವವರೆಗೆ ಕಾಯಿಸಿದರೆ ಮುಗಿಯಿತು. ಹರಳುಗಟ್ಟುವ ಭಯ ಕಡಿಮೆ, ಬಣ್ಣ ಒಂದೇ ಕ್ಷಣದಲ್ಲಿ ಕೈ ಮೀರುವುದಿಲ್ಲ. ಬೆಲ್ಲ ಹಾಕಬಹುದಾ ಅಂತ ಕೆಲವರು ಕೇಳುತ್ತಾರೆ. ಪಾಯಸಕ್ಕೆ ಹಾಲು ಬೆಲ್ಲ ಒಟ್ಟಿಗೆ ಕುದಿಸಿದರೆ ಒಡೆಯುತ್ತದಲ್ಲ, ಇಲ್ಲೂ ಅದೇ ಅಪಾಯ ಇದೆ, ದೊಡ್ಡ ಪ್ರಮಾಣಕ್ಕೆ ಬೇಡ.

ಮುಚ್ಚಿದ ಡಬ್ಬಿಯನ್ನು ಹಾಗೇ ಕುಕ್ಕರಿನಲ್ಲಿಟ್ಟು ಬೇಯಿಸುವ ವಿಡಿಯೋಗಳು ಬಹಳ ಓಡಾಡುತ್ತಿವೆ. ದಯವಿಟ್ಟು ಮಾಡಬೇಡಿ. ಡಬ್ಬಿ ಒಳಗೆ ಒತ್ತಡ ಏರಿ ಸಿಡಿಯಬಹುದು.

ತೋಟದಮನೆ_ಅಕ್ಕ, ಮೂಡಿಗೆರೆ:

ಒಪ್ಪಿದೆ, ಅದು ಸುಲಭ. ಆದರೆ ಅದರಲ್ಲಿ ಹಾಲಿನ ರುಚಿ ಮುಂದೆ ಬರುತ್ತದೆ, ಹಾಲ್ಕೋವದ ಕಡೆಗೆ ಹೋಗುತ್ತದೆ. ಬೂಂದಿ ಲಾಡು ಬಿಟ್ಟು ಇದನ್ನು ಮಾಡುತ್ತಿರುವುದು ಬೇರೆ ರುಚಿ ಕೊಡಲು ಅಲ್ವಾ? ಗಿರಿಮಳೆ, ಈ ಭಾನುವಾರ ಕಾಲು ಪ್ರಮಾಣದಲ್ಲಿ ಸಕ್ಕರೆದನ್ನು ಒಮ್ಮೆ ಮಾಡಿ ನೋಡು. 50 ಗ್ರಾಂ ಸಕ್ಕರೆ ಅಷ್ಟೇ. ಕೈಗೆ ಹದ ಸಿಕ್ಕಿತು ಅನಿಸಿದರೆ ಅದನ್ನೇ ಇಟ್ಟುಕೋ.

ಕೋಕೋ_ಕಾಯಿ:

ಚಾಕೊಲೇಟ್ ಬಗ್ಗೆ. 60 ಬಿಸ್ಕತ್ತಿಗೆ ಗೆರೆ ಎಳೆಯಲು 100 ಗ್ರಾಂ ಸಾಕು. ಆದರೆ 250 ಗ್ರಾಂ ತನ್ನಿ, ಯಾಕೆ ಅಂತ ಕೆಳಗೆ ಹೇಳುತ್ತೇನೆ.

ಅಂಗಡಿಯಲ್ಲಿ ಎರಡು ಥರ ಸಿಗುತ್ತದೆ. ಕಾಂಪೌಂಡ್ ಅಂದರೆ ಕೋಕೋ ಬೆಣ್ಣೆಯ ಬದಲು ಬೇರೆ ವನಸ್ಪತಿ ಕೊಬ್ಬು ಹಾಕಿದ್ದು. ಕರಗಿಸಿ, ಎಳೆದು, ಬಿಟ್ಟರೆ ತಾನೇ ಗಟ್ಟಿಯಾಗುತ್ತದೆ. ಕವರ್ಚರ್‌ನಲ್ಲಿ ನಿಜವಾದ ಕೋಕೋ ಬೆಣ್ಣೆ ಇರುತ್ತದೆ, ಬಾಯಲ್ಲಿ ಕರಗುವುದೇ ಬೇರೆ, ಆದರೆ ಟೆಂಪರ್ ಮಾಡಬೇಕು. ಡಾರ್ಕ್ ಆದರೆ 45 ಡಿಗ್ರಿಗೆ ಕರಗಿಸಿ, 27-28ಕ್ಕೆ ಇಳಿಸಿ, ಮತ್ತೆ 31-32ಕ್ಕೆ ಏರಿಸಿ ಬಳಸಬೇಕು. ಮೂರನೇ ಎರಡು ಭಾಗ ಕರಗಿಸಿ, ಉಳಿದ ಭಾಗವನ್ನು ಚೂರು ಮಾಡಿ ಅದಕ್ಕೇ ಹಾಕಿ ತಿರುಗಿಸುತ್ತಾ ಇಳಿಸಿದರೆ ಸುಲಭ. ನಿಮ್ಮ ಊರಿನ ಆಗಸ್ಟ್ ತಂಪು ಇದಕ್ಕೆ ಒಳ್ಳೆಯದೇ, ಮಂಗಳೂರಿನ ಸೆಕೆಯಲ್ಲಿ ಇದು ದೊಡ್ಡ ತಲೆನೋವು. ನನ್ನ ಮಾತು ಕೇಳಿದರೆ ಕವರ್ಚರ್ ತನ್ನಿ. ಇಷ್ಟೊಂದು ಬೆಣ್ಣೆ, ಇಷ್ಟೊಂದು ಶ್ರಮ ಹಾಕಿ ಕೊನೆಗೆ ನಾಲಿಗೆಗೆ ಮೇಣದಂತೆ ಅಂಟುವುದನ್ನು ಹಾಕುವುದು ಬೇಡ ಅನಿಸುತ್ತದೆ. ಡಾರ್ಕೇ ಇರಲಿ, ಕ್ಯಾರಮೆಲ್ಲಿನ ಮೇಲೆ ಹಾಲು ಚಾಕೊಲೇಟ್ ಹಾಕಿದರೆ ಸಿಹಿ ಅತಿಯಾಗುತ್ತದೆ.

ಈಗ ಆ 250 ಗ್ರಾಂ ವಿಷಯ. ನಿಮ್ಮ ನಿಜವಾದ ಪ್ರಶ್ನೆ ಬಿಸ್ಕತ್ತು ಮೆತ್ತಗಾಗಬಾರದು ಅಂತ ಅಲ್ವಾ? ಮೆತ್ತಗಾಗಲು ಎರಡು ಕಾರಣ. ಒಂದು ಹೊರಗಿನ ತೇವ. ಇನ್ನೊಂದನ್ನು ಯಾರೂ ಗಮನಿಸುವುದಿಲ್ಲ, ಅದು ಕ್ಯಾರಮೆಲ್ ಒಳಗಿನ ನೀರು. ಒಣ ಬಿಸ್ಕತ್ತಿನ ಮೇಲೆ ಕ್ಯಾರಮೆಲ್ ಕೂತ ಗಳಿಗೆಯಿಂದ ಆ ನೀರು ನಿಧಾನವಾಗಿ ಬಿಸ್ಕತ್ತಿಗೆ ಇಳಿಯುತ್ತಾ ಇರುತ್ತದೆ. ಡಬ್ಬಿ ಎಷ್ಟು ಭದ್ರವಾಗಿ ಮುಚ್ಚಿದರೂ ಇದು ನಿಲ್ಲದು. ಇದಕ್ಕೆ ಮದ್ದು ಚಾಕೊಲೇಟೇ. ಬಿಸ್ಕತ್ತು ಪೂರ್ತಿ ಆರಿದ ಮೇಲೆ ಕರಗಿಸಿದ ಚಾಕೊಲೇಟನ್ನು ಸಣ್ಣ ಬ್ರಷ್ಷಿನಿಂದ ಗುಳಿಯ ಒಳಗೆಲ್ಲ ತೆಳ್ಳಗೆ ಬಳಿಯಿರಿ. ತಳ, ಗೋಡೆ, ಅಂಚು ಎಲ್ಲ ಕಡೆ, ಬಿಸ್ಕತ್ತು ಎಲ್ಲೂ ಕಾಣಬಾರದು. ಅದು ಗಟ್ಟಿಯಾದ ಮೇಲೆ ಉಗುರು ಬೆಚ್ಚಗಿನ ಕ್ಯಾರಮೆಲ್ ಹಾಕಿ. ಕೊಬ್ಬಿನ ಪದರ ನೀರನ್ನು ದಾಟಲು ಬಿಡುವುದಿಲ್ಲ. ಕ್ಯಾರಮೆಲ್ ಬಿಸಿ ಇದ್ದರೆ ಆ ಪದರವೇ ಕರಗಿಬಿಡುತ್ತದೆ, ಅದಕ್ಕೇ ಉಗುರು ಬೆಚ್ಚಗೆ ಅಂದದ್ದು. ಐಸ್‌ಕ್ರೀಂ ಕೋನಿನ ಒಳಗೆ ಚಾಕೊಲೇಟ್ ಬಳಿದಿರುವುದೂ ಇದೇ ಕಾರಣಕ್ಕೆ.

ಕರಗಿಸುವಾಗ ಒಂದು ಹನಿ ನೀರೂ ಬೀಳಬಾರದು, ಬಿದ್ದರೆ ಮುದ್ದೆ ಕಟ್ಟುತ್ತದೆ. ಬಿಸಿನೀರಿನ ಪಾತ್ರೆಯ ಮೇಲೆ ಬಟ್ಟಲು ಇಟ್ಟು ಕರಗಿಸುವಾಗ ಹಬೆ ಒಳಗೆ ಹೋಗದಂತೆ ನೋಡಿಕೊಳ್ಳಿ.

ಎಲ್ಲಿಂದ ತರಬೇಕು ಅಂತ ಕೇಳಿದರೆ, ಹತ್ತಿರದ ಕೇಕ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ನಮ್ಮ ಘಟ್ಟದ ಕೆಳಗೇ ಕೋಕೋ ಬೆಳೆಯುತ್ತಾರೆ ಅನ್ನುವುದು ಎಷ್ಟೋ ಜನಕ್ಕೆ ನೆನಪಿಲ್ಲ. ಅಡಿಕೆ ಮರಗಳ ನಡುವೆ ಬೆಳೆಯುವ ಬೆಳೆ ಅದು. 1973ರಲ್ಲಿ ಶುರುವಾದ ಕ್ಯಾಂಪ್ಕೊ ಬೆಳೆಗಾರರ ಸಹಕಾರಿ ಸಂಸ್ಥೆ, 1986ರಿಂದ ಪುತ್ತೂರಿನಲ್ಲಿ ಅದರ ಚಾಕೊಲೇಟ್ ಕಾರ್ಖಾನೆ ಇದೆ. ಹಂಚುವಾಗ ಮಕ್ಕಳಿಗೆ ಇದನ್ನೂ ಹೇಳಬಹುದು, ಆಗಸ್ಟ್ 15ಕ್ಕೆ ಹೊಂದುವ ಮಾತು.

ಗಿರಿಮಳೆ, ಚಿಕ್ಕಮಗಳೂರು:

ಅಬ್ಬಾ, ಇಷ್ಟೊಂದು ಬರೆದಿದ್ದೀರಿ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗುಳಿಗೆ ಚಾಕೊಲೇಟ್ ಬಳಿಯುವುದು ನನಗೆ ಹೊಳೆದೇ ಇರಲಿಲ್ಲ. ಅಕ್ಕ, ಭಾನುವಾರ ಸಕ್ಕರೆ ಕ್ಯಾರಮೆಲ್ಲನ್ನೇ ಮಾಡಿ ನೋಡುತ್ತೇನೆ, ಡಿಕಾಕ್ಷನ್ ಹಾಕಿ.

ಇನ್ನೆರಡು ಪ್ರಶ್ನೆ ಇದೆ. ನನ್ನ ಹತ್ತಿರ ಅಡುಗೆ ಥರ್ಮಾಮೀಟರ್ ಇದೆ. ಇಂಗ್ಲಿಷ್ ವಿಧಾನಗಳಲ್ಲೆಲ್ಲ ಕ್ಯಾರಮೆಲ್ 116 ಡಿಗ್ರಿಗೆ ಬರಲಿ ಅನ್ನುತ್ತಾರೆ. ಅದನ್ನೇ ನೋಡಿಕೊಂಡರೆ ಸಾಕಲ್ವಾ, ನೀರಿನ ಬಟ್ಟಲು ಯಾಕೆ? ಎರಡನೆಯದು, ಬಡಾವಣೆಯಲ್ಲಿ ಒಂದು ಮಗುವಿಗೆ ಕಡ್ಲೆಬೀಜ, ಗೋಡಂಬಿ ಆಗುವುದಿಲ್ಲ. ಆ ಮಗುವಿಗೂ ಇದೇ ಬಿಸ್ಕತ್ತು ಸಿಗಬೇಕು, ಪ್ಯಾಕೆಟ್ ಬಿಸ್ಕತ್ತು ಕೈಗಿಟ್ಟು ಕಳಿಸುವುದು ನನಗೆ ಇಷ್ಟ ಇಲ್ಲ.

ಕೋಕೋ_ಕಾಯಿ:

ಥರ್ಮಾಮೀಟರ್ ಇಟ್ಟುಕೊಳ್ಳಿ, ಆದರೆ 116 ಅನ್ನುವುದು ಸಮುದ್ರಮಟ್ಟದ ಲೆಕ್ಕ. ಚಿಕ್ಕಮಗಳೂರು ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಪ್ರತಿ 300 ಮೀಟರ್ ಏರಿದಂತೆ ನೀರು ಕುದಿಯುವ ಬಿಸಿ ಸುಮಾರು ಒಂದು ಡಿಗ್ರಿ ಇಳಿಯುತ್ತದೆ, ಅಂದರೆ ನಿಮ್ಮ ಅಡುಗೆಮನೆಯಲ್ಲಿ ನೀರು 96-97ಕ್ಕೇ ಕುದಿಯುತ್ತದೆ. ಪಾಕದ ಹದ ಅಂದರೆ ಅದರಲ್ಲಿ ಎಷ್ಟು ನೀರು ಉಳಿದಿದೆ ಅನ್ನುವುದೇ. ಆದ್ದರಿಂದ ಅಲ್ಲಿ 116ರಲ್ಲಿ ಸಿಗುವ ಹದ ನಿಮಗೆ 112-113ರಲ್ಲೇ ಸಿಗುತ್ತದೆ. 116ರವರೆಗೆ ಕಾಯಿಸಿದರೆ ಗಟ್ಟಿಯಾಗುತ್ತದೆ. ನಿಖರವಾಗಿ ಬೇಕಾದರೆ ಮೊದಲು ಥರ್ಮಾಮೀಟರನ್ನು ಕುದಿಯುವ ನೀರಿನಲ್ಲಿಟ್ಟು ಎಷ್ಟು ತೋರಿಸುತ್ತದೆ ನೋಡಿ, 100ಕ್ಕೆ ಎಷ್ಟು ಕಡಿಮೆಯೋ ಅಷ್ಟನ್ನು ಕ್ಯಾರಮೆಲ್ಲಿನ ಲೆಕ್ಕದಿಂದಲೂ ಕಳೆಯಿರಿ. ಥರ್ಮಾಮೀಟರಿನದೇ ತಪ್ಪಿದ್ದರೆ ಅದೂ ಇದರಲ್ಲೇ ಸರಿಹೋಗುತ್ತದೆ.

ಇದು ಕ್ರೀಮ್ ಹಾಕಿದ ಮೇಲಿನ ಕುದಿತಕ್ಕೆ ಮಾತ್ರ. ಮೊದಲು ಸಕ್ಕರೆ ಕಂದಾಗುವ ಹಂತಕ್ಕೆ ಎತ್ತರದ ಲೆಕ್ಕ ಬೇಕಿಲ್ಲ, ಆಗ ನೀರೆಲ್ಲ ಹೋಗಿರುತ್ತದೆ. ಬಿಸ್ಕತ್ತಿಗೂ ಬೇಡ, ಅದರಲ್ಲಿ ಸೋಡಾ, ಬೇಕಿಂಗ್ ಪೌಡರ್ ಯಾವುದೂ ಇಲ್ಲವಲ್ಲ.

ತೋಟದಮನೆ_ಅಕ್ಕ, ಮೂಡಿಗೆರೆ:

ನೋಡಿದೆಯಾ, ಬಟ್ಟಲು ನೀರಿಗೆ ಈ ಯಾವ ಲೆಕ್ಕವೂ ಬೇಡ. ಬೆಟ್ಟದ ಮೇಲಾದರೂ ಉಂಡೆ ಕಟ್ಟಿದರೆ ಉಂಡೆ ಪಾಕವೇ. ಎರಡೂ ಇಟ್ಟುಕೋ. ಥರ್ಮಾಮೀಟರ್ 110 ತೋರಿಸಿದಾಗಿಂದ ಹನಿ ಬಿಟ್ಟು ನೋಡಲು ಶುರು ಮಾಡು. ಒಂದು ಹನಿಗೂ ಇನ್ನೊಂದು ಹನಿಗೂ ನಡುವೆ ಉರಿ ತೀರಾ ಸಣ್ಣದಿರಲಿ.

ಹಾಸನ_ಬೇಕಿಂಗ್:

ಮಗುವಿನ ವಿಷಯ ಕೇಳಿದ್ದು ಬಹಳ ಒಳ್ಳೆಯದಾಯಿತು. ಹಂಚುವ ತಿಂಡಿಯಲ್ಲಿ ಎಲ್ಲಕ್ಕಿಂತ ಮೊದಲು ಇದನ್ನೇ ನೋಡಬೇಕು. ಅಪ್ಪ ಅಮ್ಮನ ಹತ್ತಿರ ಮಾತಾಡಿ ಏನೇನು ಆಗುವುದಿಲ್ಲ, ಎಷ್ಟು ಜೋರು ಅಂತ ಸರಿಯಾಗಿ ಕೇಳಿಕೊಳ್ಳಿ. ಕೆಲವರಿಗೆ ಸ್ವಲ್ಪ ತಗಲಿದರೂ ಅಪಾಯ. ಮನೆಯಲ್ಲಿ ಮಾಡಿದ್ದು ಬೇಡ ಅಂದರೆ ಅವರ ಮಾತೇ ಕೊನೆ, ಒತ್ತಾಯ ಬೇಡ.

ಅವರು ಒಪ್ಪಿದರೆ, ಗೋಡಂಬಿ ಪ್ಯಾಕೆಟ್ ತೆರೆಯುವ ಮೊದಲೇ, ತೊಳೆದು ಒರೆಸಿದ ಪಾತ್ರೆ, ತಟ್ಟೆ, ಹೊಸ ಬಟರ್ ಪೇಪರಿನಲ್ಲಿ ಆ ಮಗುವಿನ ಬಿಸ್ಕತ್ತನ್ನು ಮೊದಲು ಮಾಡಿ ಮುಗಿಸಿ. ಒಂದೇ ಅಲ್ಲ, ಹತ್ತು ಮಾಡಿ, ಬೀಜ ಬೇಡ ಅನ್ನುವವರು ಬೇರೆಯವರೂ ಇರುತ್ತಾರೆ, ಮಗುವಿಗೂ ತಾನೊಬ್ಬನೇ ಬೇರೆ ಅನಿಸುವುದಿಲ್ಲ. ಸುತ್ತ ಗೋಡಂಬಿ ಬದಲು ಉಂಡೆಯನ್ನು ದಪ್ಪ ಸಕ್ಕರೆಯಲ್ಲಿ ಉರುಳಿಸಿ. ಕ್ಯಾರಮೆಲ್, ಚಾಕೊಲೇಟ್ ತುಂಬುವಾಗಲೂ ಇವನ್ನೇ ಮೊದಲು ತುಂಬಿ ಡಬ್ಬಿಗೆ ಹಾಕಿ ಮುಚ್ಚಿಬಿಡಿ. ಚಾಕೊಲೇಟಿನ ಪ್ಯಾಕೆಟ್ ಹಿಂದೆ ಬೀಜದ ಅಂಶ ಇರಬಹುದು ಅಂತ ಬರೆದಿರುತ್ತದೆ, ಅದನ್ನು ಓದದೆ ತರಬೇಡಿ. ಡಬ್ಬಿ ಬೇರೆ, ಹಂಚುವ ಕೈಯೂ ಬೇರೆ ಇರಲಿ.

ಇನ್ನು ಯಾವತ್ತು ಏನು ಮಾಡುವುದು ಅಂತ. 12ನೇ ತಾರೀಕು ಹಿಟ್ಟು ಕಲೆಸಿ ಬಿಸ್ಕತ್ತು ಬೇಯಿಸಿ. ಮಳೆಗೆ ಕರೆಂಟ್ ಹೋಗುವುದು ಇದ್ದೇ ಇದೆ, ಒಂದು ದಿನ ಕೈಯಲ್ಲಿರುತ್ತದೆ. ಹಸಿ ಉಂಡೆಗಳು ಫ್ರಿಜ್ಜಿನಲ್ಲಿ ಎರಡು ದಿನ ಚೆನ್ನಾಗಿರುತ್ತವೆ, ಅವಸರ ಇಲ್ಲ. ಬೇಯುತ್ತಿರುವಾಗಲೇ ಕರೆಂಟ್ ಹೋದರೆ ಒವನ್ ಬಾಗಿಲು ತೆಗೆಯಬೇಡಿ, ಒಳಗಿನ ಬಿಸಿಯಲ್ಲೇ ಅರ್ಧ ಬೆಂದಿರುತ್ತದೆ, ಬಂದ ಮೇಲೆ ಮುಂದುವರಿಸಿ. ಬಿಸ್ಕತ್ತು ಪೂರ್ತಿ ಆರಿದ ಮೇಲೇ ಸ್ಟೀಲ್ ಡಬ್ಬಿಗೆ ಹಾಕಿ. ಸ್ವಲ್ಪ ಬೆಚ್ಚಗಿದ್ದರೂ ಮುಚ್ಚಳದ ಒಳಗೆ ಬೆವರು ಕೂರುತ್ತದೆ. 14ರ ಬೆಳಿಗ್ಗೆ ಒಂದು ಬಿಸ್ಕತ್ತು ಮುರಿದು ನೋಡಿ, ಟಕ್ ಅನ್ನದಿದ್ದರೆ ಎಲ್ಲವನ್ನೂ 140 ಡಿಗ್ರಿಯಲ್ಲಿ ಐದಾರು ನಿಮಿಷ ಬಿಸಿ ಮಾಡಿ ಆರಿಸಿ, ಗರಿ ವಾಪಸ್ ಬರುತ್ತದೆ. ಆಮೇಲೆ ಗುಳಿಗೆ ಚಾಕೊಲೇಟ್, ಮಧ್ಯಾಹ್ನ ಕ್ಯಾರಮೆಲ್, ಸಂಜೆ ಗೆರೆ. ಗೆರೆ ಎಳೆಯಲು ಹಾಲಿನ ಕವರನ್ನು ತೊಳೆದು, ಪೂರ್ತಿ ಒಣಗಿಸಿ, ತುದಿ ಸಣ್ಣಗೆ ಕತ್ತರಿಸಿದರೆ ಸಾಕು.

ಗಿರಿಮಳೆ, ಚಿಕ್ಕಮಗಳೂರು:

ಎಲ್ಲ ಬರೆದುಕೊಂಡೆ. 14ರ ರಾತ್ರಿ ಫ್ರಿಜ್ಜಿನಲ್ಲಿ ಇಡಬಹುದಾ? ಹೊರಗಿಟ್ಟರೆ ಈ ತೇವಕ್ಕೆ ಕ್ಯಾರಮೆಲ್ ಅಂಟಂಟಾಗುತ್ತದಲ್ಲ. ಇನ್ನೊಂದು, ಕ್ಯಾರಮೆಲ್ ಮೇಲೆ ಹುರಿದ ಕಡ್ಲೆಬೀಜ ನಾಲ್ಕು ಇಡೋಣ ಅಂತ ಇದ್ದೇನೆ, ಸರಿಯಾ?

ಕೋಕೋ_ಕಾಯಿ:

ಫ್ರಿಜ್ ಬೇಡವೇ ಬೇಡ. ಬೆಳಿಗ್ಗೆ ಹೊರಗೆ ತೆಗೆದ ಕೂಡಲೇ ಮಳೆಗಾಲದ ಗಾಳಿಯ ನೀರೆಲ್ಲ ತಣ್ಣನೆಯ ಚಾಕೊಲೇಟಿನ ಮೇಲೆ ಹನಿಯಾಗಿ ಕೂರುತ್ತದೆ. ಅದು ಚಾಕೊಲೇಟಿನ ಸಕ್ಕರೆಯನ್ನು ಕರಗಿಸಿ, ಒಣಗಿದ ಮೇಲೆ ಬೂದು ಬಣ್ಣದ ಒರಟು ಕಲೆ ಉಳಿಸುತ್ತದೆ. ತಿಂದರೆ ತೊಂದರೆ ಇಲ್ಲ, ಆದರೆ ನೋಡಿದವರು ಬೂಷ್ಟು ಅಂದುಕೊಳ್ಳುತ್ತಾರೆ. ನಿಮ್ಮ ಊರಿನ ರಾತ್ರಿ ತಂಪಿಗೆ ಹೊರಗೇ ಚೆನ್ನಾಗಿರುತ್ತದೆ, ಭದ್ರವಾಗಿ ಮುಚ್ಚುವ ಡಬ್ಬಿ ಇದ್ದರೆ ಸಾಕು. ಕ್ಯಾರಮೆಲ್ ಅಂಟಾಗುವುದು ಗಾಳಿ ತಗಲಿದರೆ ಮಾತ್ರ. ಅದಕ್ಕೇ ಚಾಕೊಲೇಟನ್ನು ಬರೀ ಗೆರೆ ಎಳೆಯುವ ಬದಲು ಕ್ಯಾರಮೆಲ್ ಮುಚ್ಚುವಷ್ಟು ಹಾಕಿದರೆ ಇನ್ನೂ ಒಳ್ಳೆಯದು. 250 ಗ್ರಾಂ ಅಂದದ್ದರಲ್ಲಿ ಇದಕ್ಕೂ ಆಗುತ್ತದೆ.

ತೋಟದಮನೆ_ಅಕ್ಕ, ಮೂಡಿಗೆರೆ:

ಕಡ್ಲೆಬೀಜ ಇಡು, ಚೆನ್ನಾಗಿರುತ್ತದೆ. ಸಣ್ಣ ಉರಿಯಲ್ಲಿ ಒಳಗಿನವರೆಗೆ ಹುರಿದು, ಆರಿದ ಮೇಲೆ ಕೈಯಲ್ಲಿ ತಿಕ್ಕಿ ಸಿಪ್ಪೆ ಊದಿಬಿಡು. ಕ್ಯಾರಮೆಲ್ ಇನ್ನೂ ಮೆತ್ತಗಿರುವಾಗಲೇ ಅರ್ಧ ಮುಳುಗುವಂತೆ ಒತ್ತು, ಗಟ್ಟಿಯಾದ ಮೇಲೆ ಇಟ್ಟರೆ ಉದುರುತ್ತದೆ. ಆದರೆ ಮಗುವಿನ ಡಬ್ಬಿ ಮುಚ್ಚಿ ಬೇರೆ ಕೋಣೆಗೆ ಇಟ್ಟ ಮೇಲೇ ಹುರಿಯಲು ಶುರು ಮಾಡು, ಆ ಸಿಪ್ಪೆ ಊದಿದರೆ ಎಲ್ಲೆಲ್ಲೋ ಹಾರುತ್ತದೆ. ಕಲ್ಲುಪ್ಪು ಸ್ವಲ್ಪ ಜಜ್ಜಿ ಇಟ್ಟುಕೊಂಡು, ಚಾಕೊಲೇಟ್ ಒಣಗುವ ಮೊದಲು ಒಂದೊಂದಕ್ಕೂ ಎರಡು ಮೂರು ಕಣ ಉದುರಿಸು.

15ರ ಬೆಳಿಗ್ಗೆ ಒಂದೊಂದನ್ನೂ ಸಣ್ಣ ಪೇಪರ್ ಕಪ್ಪಿನಲ್ಲಿಟ್ಟು ಸ್ವೀಟ್ ಬಾಕ್ಸಿಗೆ ಒಂದೇ ಸಾಲಿನಲ್ಲಿ ಜೋಡಿಸು, ಒಂದರ ಮೇಲೊಂದು ಬೇಡ. ಮಳೆ ಇದ್ದರೆ ಬಾಕ್ಸಿಗೆ ಮೇಲಿಂದ ಪ್ಲಾಸ್ಟಿಕ್ ಕವರ್ ಹಾಕು. ರಾಷ್ಟ್ರಗೀತೆ ಮುಗಿದ ಮೇಲೇ ತೆರೆ, ಭಾಷಣ ಉದ್ದ ಇದ್ದರೆ ಅದೂ ಮುಗಿಯಲಿ. ಭಾನುವಾರದ ಕ್ಯಾರಮೆಲ್ ಹೇಗೆ ಬಂತು ಅಂತ ಇಲ್ಲೇ ಬರೆ, ಹದದಲ್ಲಿ ಹೆಚ್ಚು ಕಡಿಮೆ ಇದ್ದರೆ 14ರ ಒಳಗೆ ಸರಿ ಮಾಡಿಕೊಳ್ಳಬಹುದು.